ರೇಡಿಯೇಟರ್ ಮುಟ್ಟಿ ಇಟ್ಟ ಆಣೆ

ಹನ್ನೊಂದು ವರ್ಷದ ಹಿಂದೆ, ಕುದೇರಿನ ಗುರುಮಲ್ಲಮ್ಮನ ಮನೆಯಂಗಳದಲ್ಲಿ ನಿಂತು ದೊರೆಸ್ವಾಮಿ ಒಂದು ಮಾತು ಕೊಟ್ಟಿದ್ದ.

“ಇನ್ನು ಈ ಮನೆ ಹೊಸಿಲು ತುಳಿಯಲ್ಲ ಕಣವ್ವ.”

ಆಣೆ ಇಡಲು ಹತ್ತಿರದಲ್ಲಿ ದೇವರ ಪಟವಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ, ತಾನೇ ಓಡಿಸುತ್ತಿದ್ದ ಕೊಯ್ಲಿನ ಮೆಷಿನ್ನಿನ ರೇಡಿಯೇಟರ್ ಮೇಲೆಯೇ ಅಂಗೈ ಇಟ್ಟ. ಆಗಷ್ಟೇ ಗದ್ದೆಯಿಂದ ಬಂದಿದ್ದ ಮೆಷಿನ್ನು. ಕೈ ಸುಟ್ಟಿತು, ಆದರೂ ತೆಗೆಯಲಿಲ್ಲ. ಅವನಿಗಾಗ ಇಪ್ಪತ್ತೈದು. ಕೈ ಸುಟ್ಟುಕೊಂಡು ಆಣೆ ಇಡುವ ವಯಸ್ಸು.

ಮೆಷಿನ್ ಕೊಂಡಿದ್ದವರು ಗುರುಮಲ್ಲಮ್ಮನ ಯಜಮಾನರು ಮರಿಮಲ್ಲಪ್ಪ. ಅವರು ತೀರಿಕೊಂಡು ಈಗ ಎರಡು ವರ್ಷ. ಮೆಷಿನ್ ಕೆಟ್ಟು ನಿಂತು ನಾಲ್ಕು ವರ್ಷ. ಅದರ ಹೊಟ್ಟೆಯೊಳಗೆ ಇಲಿ ಗೂಡು ಕಟ್ಟಿತ್ತು, ಟೈರುಗಳು ಮಣ್ಣಿಗೆ ಕೂತಿದ್ದವು, ತೊಂಡೆ ಬಳ್ಳಿಯೊಂದು ಏಣಿ ಹತ್ತಿಕೊಂಡು ಹೋಗಿ ಡ್ರೈವರ್ ಸೀಟಿನಲ್ಲಿ ಆರಾಮಾಗಿ ಕೂತಿತ್ತು.

ಮಗಳು ಶಶಿರೇಖಾಗೆ ಆ ಅಂಗಳ ಬೇಕಿತ್ತು. ಮೂವತ್ತೆರಡು ವರ್ಷದ ಅವಳು ಊರಿನ ಹಾಲಿನ ಸೊಸೈಟಿಯಲ್ಲಿ ಸೆಕ್ರೆಟರಿ. ಬೆಳಗ್ಗೆ ಐದಕ್ಕೆದ್ದು ಊರವರ ಹಾಲನ್ನೆಲ್ಲ ಅಳೆದು ಅಳೆದು, ತನ್ನದೂ ಅಂತ ನಾಲ್ಕು ಹಸು ಕಟ್ಟಬೇಕೆಂಬ ಆಸೆ ಬಂದಿತ್ತು. ಕೊಟ್ಟಿಗೆ ಹಾಕಬೇಕಾದ ಜಾಗದಲ್ಲಿ ಮಾತ್ರ ಆನೆ ಮಲಗಿದ ಹಾಗೆ ಈ ಮೆಷಿನ್ನು.

ಮಾರೋಣವೆಂದರೆ ಕೆಟ್ಟ ಮೆಷಿನ್ ಕೇಳಿ ಬಂದವನು ಗುಜರಿಯವನೊಬ್ಬನೇ. “ಬರೋ ಸೋಮವಾರ ಗ್ಯಾಸ್ ಕಟ್ಟರ್ ತತ್ತೀನಿ. ಇಲ್ಲೇ ತುಂಡು ಮಾಡ್ಕಂಡು ಲೋಡ್ ಮಾಡ್ಕತೀನಿ” ಅಂದ. ಶಶಿರೇಖಾ ಸೋಮವಾರಕ್ಕೆ ಉಳಿದ ದಿನ ಎಣಿಸಿದಳು. ಹಾಸಿಗೆ ಹಿಡಿದಿದ್ದ ಅಪ್ಪ ಕಿಟಕಿಯಿಂದ ಮೆಷಿನ್ ನೋಡುತ್ತಾ ಹೇಳುತ್ತಿದ್ದುದು ಒಂದೇ ಮಾತು: “ಮಾರು ಕಣಮ್ಮಿ, ಬ್ಯಾಡ ಅನ್ನಲ್ಲ. ತುಂಡು ಮಾತ್ರ ಮಾಡಿಸ್ಬ್ಯಾಡ. ಅದು ತನ್ ಕಾಲ ಮ್ಯಾಲೆ ಓಗ್ಲಿ.”

ಇನ್ನೊಬ್ಬ ಗಿರಾಕಿ ಇದ್ದ, ಕೇರಳದ ಬತ್ತೇರಿಯ ಮಲಯಾಳಿ; ಎಲ್ಲರಿಗೂ ‘ಚೇಟ’, ಅಂದರೆ ಅಣ್ಣ. ವಯನಾಡಿನ ಗದ್ದೆಗಳಲ್ಲಿ ಭತ್ತ ಬಲಿಯುತ್ತಿತ್ತು, ಅವನಿಗೆ ಅವಸರ. “ಭಾನುವಾರ ಬರ್ತೇನೆ. ವಂಡಿ ಓಡಿದ್ರೆ ತಗೋತೇನೆ. ಓಡಿಲ್ಲ ಅಂದ್ರೆ ವೇಂಡ, ಬೇಡ” ಎಂದು ಫೋನಿನಲ್ಲಿ ಹೇಳಿದ್ದ.

ಚಾಮರಾಜನಗರದ ಮೆಕ್ಯಾನಿಕ್‌ಗಳಿಬ್ಬರು ಬಂದು ನೋಡಿ, ಬಾನೆಟ್ ಮುಚ್ಚಿ, ಟೀ ಕುಡಿದು ಹೋದರು. ಕೊನೆಗೆ ಹಾಲಿನ ಲಾರಿ ಡ್ರೈವರ್ ಒಂದು ನಂಬರ್ ಕೊಟ್ಟ. “ಗುಂಡ್ಲುಪೇಟೆ ಬಸ್‌ಸ್ಟ್ಯಾಂಡ್ ಹಿಂದೆ ಡೀಸೆಲ್ ವರ್ಕ್ಸ್ ಅದೆ. ಸತ್ತೋಗಿರೋ ಟ್ರ್ಯಾಕ್ಟರ್‌ನೆಲ್ಲ ಅವ್ನೇ ಎಬ್ಸಾದು.”

ಮಂಗಳವಾರ ಬೆಳಗ್ಗೆ ಸೊಸೈಟಿಯಿಂದಲೇ ಶಶಿರೇಖಾ ಫೋನ್ ಮಾಡಿದಳು.

“ಕೊಯ್ಲಿನ ಮೆಷಿನ್ ರಿಪೇರಿ ಮಾಡ್ತೀರಾ?”

“ಯಾವೂರು ಮೇಡಂ?”

“ಕುದೇರು.”

ಆ ಕಡೆ ಬಡಿಯುತ್ತಿದ್ದ ಸುತ್ತಿಗೆಯ ಸದ್ದು ನಿಂತಿತು.

“ಹಲೋ? ಲೈನಲ್ಲಿದ್ದೀರಾ?”

“ಹಸಿರು ಬಣ್ಣದ್ದಾ?” ದನಿ ಮೆತ್ತಗಾಗಿತ್ತು. “ಏಣಿಯ ಎರಡನೇ ಮೆಟ್ಟಿಲು ಬೆಂಡಾಗಿರೋದಾ?”

ಶಶಿರೇಖಾಳ ಕೈಯಲ್ಲಿದ್ದ ಪೆನ್ನು ಜಾರಿ ಕ್ಯಾನಿನ ಸಂದಿಗೆ ಬಿತ್ತು. ಆ ಮೆಟ್ಟಿಲು ಬೆಂಡಾದ ದಿನ ಅವಳಿಗೆ ನೆನಪಿತ್ತು. ಅವಳನ್ನು ನೋಡುತ್ತಾ ಮೆಷಿನ್ನನ್ನು ಹಿಂದಕ್ಕೆ ತೆಗೆದು, ಬೇವಿನ ಮರಕ್ಕೆ ಗುದ್ದಿದ್ದ ಒಬ್ಬ ಡ್ರೈವರ್.

“ಬರ್ತೀನಿ ಮೇಡಂ” ಎಂದು ಫೋನ್ ಇಟ್ಟ.

ಮೇಡಂ ಅಂತೆ! ಅವತ್ತು ಇಡೀ ದಿನ ಅವಳಿಗೆ ಆ ಒಂದು ಪದದ ಮೇಲೆಯೇ ಕೋಪ.

ಬುಧವಾರ ಬೆಳಗ್ಗೆ ಬೈಕು ಗೇಟಿನ ಹೊರಗೆ ನಿಂತಿತು. ದೊರೆಸ್ವಾಮಿ ಸ್ವಲ್ಪ ದಪ್ಪಗಾಗಿದ್ದ. ಕಿವಿಯ ಹತ್ತಿರ ನಾಲ್ಕು ಬಿಳಿಕೂದಲು. ಆದರೆ ಮೆಷಿನ್ ನೋಡಿದ ಕೂಡಲೇ ತಲೆ ಒಂದು ಕಡೆ ವಾಲಿಸಿ, ಜ್ವರ ಬಂದ ಮಗುವನ್ನು ನೋಡುವಂತೆ ನೋಡಿದ. ಆ ನೋಟ ಮಾತ್ರ ಹಾಗೇ ಇತ್ತು.

“ಏನ್ ಗತಿ ಮಾಡ್ಬುಟ್ಟಿದ್ದೀರ ಮೇಡಂ ಇದಕ್ಕೆ?”

“ನೋಡ್ಕೊಳೋರು ಬುಟ್ಟೋದ್ರೆ ಎಲ್ಲದ್ಕೂ ಇದೇ ಗತಿ” ಎಂದಳು ಶಶಿರೇಖಾ.

ಅವನು ಸ್ಪಾನರ್ ಚೀಲ ಬಿಚ್ಚಿದ.

ಗುರುಮಲ್ಲಮ್ಮ ಬಾಗಿಲಿಗೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. “ಯಾರ್ಲಾ ಅದು, ದೊರೆಸಾಮಿಯಾ? ಬಾ ಮಗ ಒಳೀಕೆ.”

“ಇಲ್ಲೇ ಸರಿ ಕಣವ್ವ.”

“ಇನ್ನೂ ಅದೇ ಆಣೆಯಾ? ಮಾದಪ್ಪನ್ ಮ್ಯಾಲೇನಾದ್ರೂ ಇಟ್ಟಿದ್ಯಾ?”

“ಇಲ್ಲ ಕಣವ್ವ. ಇದ್ರ ಮ್ಯಾಲೆ” ಎಂದು ತುಕ್ಕು ಹಿಡಿದ ರೇಡಿಯೇಟರ್ ಕಡೆ ಗದ್ದ ತೋರಿಸಿದ.

ಶಶಿರೇಖಾ ಅಡಿಗೆಮನೆಗೆ ಹೋಗಿ, ಇಲ್ಲದ ಕೆಲಸ ಹುಡುಕಿಕೊಂಡು ಪಾತ್ರೆ ಕುಕ್ಕಿದಳು. ಹೀಗೊಂದು ಆಣೆ ಇತ್ತು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಅವತ್ತು ಅವ್ವ ಹೇಳಿದ್ದು ಇಷ್ಟೇ: ‘ಅವ್ನು ಒಂಟೋದ ಕಣಮ್ಮಿ.’

ಮಧ್ಯಾಹ್ನ ಗುರುಮಲ್ಲಮ್ಮ ಜಗಲಿಯ ಮೇಲೆ ತಟ್ಟೆ ಇಟ್ಟರು. ಬಿಸಿ ಹಿಟ್ಟಿನ ಮುದ್ದೆ, ಸೊಪ್ಪಿನ ಉಪ್ಸಾರು. ಅವನು ಬಂದು ಜಗಲಿಯ ಅಂಚಿನಲ್ಲಿ ಕೂತು ಉಂಡ. ಗುರುವಾರ ತಟ್ಟೆ ಹೊಸಿಲಿಗೆ ತಾಗಿಕೊಂಡು ಕೂತಿತ್ತು. ಅವನು ಅದರ ಪಕ್ಕಕ್ಕೆ ಸರಿದು ಕೂತ. ಶುಕ್ರವಾರ ಬಂದು ನೋಡಿದರೆ ತಟ್ಟೆ ಹೊಸಿಲಿನ ಒಳಗೆ, ಒಂದು ಮೊಳ ದೂರದಲ್ಲಿ.

ದೊರೆಸ್ವಾಮಿ ತಟ್ಟೆ ನೋಡಿದ. ಗುರುಮಲ್ಲಮ್ಮ ಸೂರು ನೋಡಿದರು. ಆಮೇಲೆ ಅವನು ಹೊಸಿಲಿನ ಹೊರಗೆ ಮಂಡಿಯೂರಿ, ಬಾಗಿಲ ಪಟ್ಟಿ ಹಿಡಿದುಕೊಂಡು, ಒಂದು ಕೈಯನ್ನು ಉದ್ದಕ್ಕೆ ಒಳಗೆ ಚಾಚಿ, ಬಾವಿಗೆ ಬಿದ್ದ ಕೊಡ ಎತ್ತುವವನಂತೆ ತಟ್ಟೆಯನ್ನು ಎಳೆದುಕೊಂಡ.

ಒಳಗಿದ್ದ ಶಶಿರೇಖಾಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡರೂ ಒಡೆದೇ ಹೋಯಿತು. ಎಷ್ಟು ದಿನವಾಗಿತ್ತೋ ಹಾಗೆ ನಕ್ಕು! ಅವನು ತಲೆ ಎತ್ತಿದ. ಕತ್ತಲ ನಡುಮನೆಯಲ್ಲಿ ಅವಳು, ಬಿಸಿಲ ಜಗಲಿಯಲ್ಲಿ ಅವನು, ನಡುವೆ ಒಂದು ಹೊಸಿಲು. ಅವಳೇ ಮೊದಲು ಕಣ್ಣು ತಗ್ಗಿಸಿದಳು.

ಅವಳ ಕಷ್ಟ ಅವಳಿಗೇ ಗೊತ್ತಿತ್ತು. ಮೆಷಿನ್ ಎದ್ದರೆ ಅಪ್ಪನ ಮಾತು ಉಳಿಯುತ್ತದೆ. ಮೆಷಿನ್ ಎದ್ದರೆ ಇವನು ಬೈಕು ಹತ್ತಿ ಹೋಗುತ್ತಾನೆ, ಇನ್ನೊಂದು ಹನ್ನೊಂದು ವರ್ಷಕ್ಕೆ. ಅದು ಏಳಲಿ ಎಂದು ಬೆಳಗ್ಗೆ ದೇವರಿಗೆ ದೀಪ ಹಚ್ಚುವವಳು ಅವಳೇ. ಗುರುವಾರ ಅವನ ಹದಿನೇಳರ ಸ್ಪಾನರ್ ಎತ್ತಿಕೊಂಡು ಹೋಗಿ ಅಕ್ಕಿ ಡಬ್ಬಿಯೊಳಗೆ ಹೂತಿಟ್ಟವಳೂ ಅವಳೇ.

“ಹದಿನೇಳರದು ನೋಡಿದ್ರಾ ಮೇಡಂ?”

“ನಾನ್ಯಾಕ್ ನೋಡಾನ?”

ಅರ್ಧ ದಿನ ಹುಡುಕಿ, ಪಕ್ಕದ ಮನೆ ಶಿವಣ್ಣನ ಹತ್ತಿರ ಕಡ ತಂದ. ಹುಡುಕುವಾಗ ಸಿಟ್ಟಾದಂತೇನೂ ಕಾಣಲಿಲ್ಲ.

ಶುಕ್ರವಾರ ಮಧ್ಯಾಹ್ನದ ಮೇಲೆ ಅವನು ಕರೆದ. “ಒಬ್ರು ಬೇಕು ಮೇಡಂ. ಡೀಸೆಲ್ ಪೈಪಲ್ಲಿ ಗಾಳಿ ಸೇರ್ಕಂಡದೆ. ಅದು ಓಗೋವರ್ಗೂ ಇಂಜಿನ್ ಹತ್ತಲ್ಲ. ನಾನು ಕೈಪಂಪ್ ಒತ್ತೀನಿ. ನೀವು ಈ ನಟ್ ಹತ್ರ ಗುಳ್ಳೆ ನೋಡ್ತಿರಿ. ಗುಳ್ಳೆ ನಿಂತು ಬರೀ ಡೀಸೆಲ್ ಬಂದ್ ತಕ್ಷಣ ಬಿಗಿ ಮಾಡ್ಬೇಕು.”

ಇಂಜಿನ್ನಿನ ಆ ಕಡೆ ಅವನು, ಈ ಕಡೆ ಅವಳು. ಪೈಪುಗಳ ಸಂದಿಯಲ್ಲಿ ಅವನ ಅರ್ಧ ಮುಖ ಕಾಣುತ್ತಿತ್ತು.

“ಬತ್ತಾ ಅದಾ ಗುಳ್ಳೆ?”

“ಬತ್ತಾ ಅದೆ.”

“ಈಗ?”

“ಇನ್ನೂ.”

“ಎಷ್ಟ್ ಗಾಳಿ ತುಂಬ್ಕಂಡದೆ ಇದ್ರೊಳಗೆ!”

“ಹನ್ನೊಂದ್ ವರ್ಷದ್ದು” ಎಂದಳು.

ಪಂಪು ಒತ್ತುವ ಕೈ ನಿಂತಿತು. ಅವಳು ನಟ್ಟಿನಿಂದ ಕಣ್ಣು ತೆಗೆಯದೆ ಕೇಳಿದಳು. “ಯಾಕ್ ದೊರೆ, ಹೇಳ್ದೆ ಕೇಳ್ದೆ ಹಂಗ್ ಒಂಟೋದೆ?”

“ಕೇಳ್ದೆ ಒಂಟೋದ್ನಾ?” ಅವನ ದನಿಯಲ್ಲಿ ‘ಮೇಡಂ’ ಉದುರಿಹೋಗಿತ್ತು. “ಕೇಳಿದ್ಮ್ಯಾಲೇ ಕಣ ಹೋಗಿದ್ದು. ನಿಮ್ ಗದ್ದೇಲಿ, ಟಾರ್ಪಾಲ್ ಪಕ್ಕದಲ್ಲಿ. ‘ಶಶಿ, ನನ್ನ ಮದ್ವೆ ಆಗ್ತೀಯಾ’ ಅಂತ ಕೇಳ್ದೆ. ನೀನು ನನ್ ಮಖ ನೋಡ್ದೆ, ಬಾಯಿ ಬಿಗಿ ಹಿಡ್ದೆ, ಆ ಕಡೆ ತಿರುಗ್ಕಂಡೆ. ಇನ್ನೆಂಗ್ ಹೇಳ್ಬೇಕು ಬ್ಯಾಡ ಅಂತ?”

ಶಶಿರೇಖಾ ಸ್ಪಾನರ್ ಹಿಡಿದುಕೊಂಡೇ ಎದ್ದು ನಿಂತಳು.

“ಅಯ್ಯೋ ನಿನ್ನ! ರಾಶಿ ಅಳೀತಿದ್ರಲ್ಲೋ!”

“ಅಳೀತಿದ್ರೆ?”

ಆ ‘ಅಳೀತಿದ್ರೆ’ ಕೇಳಿ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೆಷಿನ್ ಬಂದ ಮೊದಲ ಸುಗ್ಗಿ ಅದು. ಊರೆಲ್ಲ ಕೊಯ್ದು, ಕೊನೆಗೆ ಸ್ವಂತ ಗದ್ದೆ ಕೊಯ್ದಿದ್ದರು. ಕಣ ಹೋದರೂ ಕಣದ ಕಟ್ಟಳೆ ಬಿಡಲು ಅಪ್ಪ ಒಪ್ಪಿರಲಿಲ್ಲ. ಮೆಷಿನ್ ಸುರಿದ ಭತ್ತವನ್ನೂ ಟಾರ್ಪಾಲಿನ ಮೇಲೆ ರಾಶಿ ಮಾಡಿ, ಪೂಜೆ ಮಾಡಿ, ಕೊಳಗದಲ್ಲಿ ಅಳೆದಿದ್ದರು. ಅಳೆಯುವವರೊಬ್ಬರನ್ನು ಬಿಟ್ಟು ರಾಶಿಯ ಸುತ್ತ ಯಾರೂ ಬಾಯಿ ಬಿಡುವಂತಿಲ್ಲ. ಬಿಟ್ಟರೆ ರಾಶಿ ಕುಗ್ಗುತ್ತದೆ. ಅವಳು ಈ ತುದಿಯಲ್ಲಿ ದಬ್ಬಣ ಹಿಡಿದು ಚೀಲದ ಬಾಯಿ ಹೊಲಿಯುತ್ತಿದ್ದಳು. ಅಪ್ಪ ರಾಶಿಯ ಆ ಪಕ್ಕ. ಇವನು ಬಂದು, ಬಗ್ಗಿ, ಕಿವಿಯ ಹತ್ತಿರ ಆ ಮಾತು ಕೇಳಿದ್ದ.

“ಅಳ್ಯೋವಾಗ ಮಾತಾಡ್ಬಾರ್ದು ಅಂತ ಚಿಕ್ ಮಕ್ಳಿಗೂ ಗೊತ್ತು!”

“ರಾಶಿ ಬೀಳೋ ಮನೆ ಮಕ್ಳಿಗೆ ಗೊತ್ತು” ಎಂದ ಅವನು ಮೆಲ್ಲಗೆ. “ಮದ್ದೂರಲ್ಲಿ ನಮ್ಮನೆ ಅಂಗಳದಲ್ಲಿ ಯಾವತ್ ಬಿದ್ದಿತ್ತು ಅಳ್ಯೋವಷ್ಟು ರಾಶಿ? ಕೂಲಿಗೆ ಕೊಟ್ಟಿದ್ದನ್ನ ನಮ್ಮವ್ವ ಸೆರಗಲ್ಲಿ ಕಟ್ಕಂಡು ಬರೋಳು. ಅದ್ನ ಅಳ್ಯಕೆ ಕೊಳಗ ಯಾಕ್ ಬೇಕು? ನಂಗ್ಯಾರ್ ಹೇಳ್ಕೊಟ್ರು ಶಶಿ?”

ಹನ್ನೊಂದು ವರ್ಷ ಅವಳು ಯೋಚಿಸಿದ್ದು ಬೇರೆ. ಆಟಕ್ಕೆ ಕೇಳಿ ಓಡಿಹೋದ ಎಂದುಕೊಂಡಿದ್ದಳು. ಅವನ ಫೋನ್ ನಂಬರ್ ಕೂಡ ಬದಲಾಗಿತ್ತು. ಬೇರೆ ಮೆಷಿನ್ ಹತ್ತಿ ತಮಿಳುನಾಡಿಗೆ ಹೋದನೆಂದು ಯಾರೋ ಹೇಳಿದ್ದರು. ಆಮೇಲೆ ಅಪ್ಪ ಹಾಸಿಗೆ ಹಿಡಿದರು. ಬಂದ ಗಂಡುಗಳಿಗೆಲ್ಲ ಅಪ್ಪನ ನೆಪ ಹೇಳಿ ಹೇಳಿ, ಕೊನೆಗೆ ಗಂಡುಗಳು ಬರುವುದೂ ನಿಂತಿತ್ತು.

“ಕೊನೇ ಕೊಳಗ ಆಗ್ಲಿ ಅಂತ ಕಾಯ್ತಾ ಕೂತಿದ್ದೆ ಕಣೋ. ಅವಸರದಲ್ಲಿ ದಬ್ಬಣ ಬೆರಳಿಗೆ ಚುಚ್ಕಂಡಿದ್ದೆ. ತಿರುಗಿ ನೋಡಿದ್ರೆ ನೀನಿಲ್ಲ.”

ದೊರೆಸ್ವಾಮಿ ಎರಡೂ ಕೈಯಿಂದ ಮುಖ ಒರೆಸಿಕೊಂಡ. ಹಣೆಯಿಂದ ಗದ್ದದವರೆಗೆ ಗ್ರೀಸು ಬಳಿದುಕೊಂಡಿತು. “ಮೂರ್ ಕಡೆ ಹೆಣ್ ನೋಡಕ್ ಕರ್ಕಂಡೋದ್ರು ನಮ್ಮವ್ವ. ಮೂರೂ ಕಡೆ ಉಪ್ಪಿಟ್ಟು ತಿಂದು ಎದ್ ಬಂದೆ.” ಪೈಪಿನ ಸಂದಿಯಿಂದ ಬಗ್ಗಿ ಕೇಳಿದ. “ಅವತ್ತು ಬಾಯಿ ಬುಡೋ ಹಂಗಿದ್ದಿದ್ರೆ ಏನಂತಿದ್ದೆ?”

ಅವಳು ಮತ್ತೆ ನಟ್ಟಿನ ಹತ್ತಿರ ಬಗ್ಗಿದಳು. “ಪಂಪ್ ಒತ್ತು.”

ಒತ್ತಿದ. ನಾಲ್ಕು ಗುಳ್ಳೆ ಬಂದವು. ಮೂರು. ಒಂದು. ಆಮೇಲೆ ತೆಳ್ಳಗೆ, ತಿಳಿಯಾಗಿ ಬರೀ ಡೀಸೆಲ್.

“ಗುಳ್ಳೆ ನಿಂತೋಯ್ತು” ಎಂದು ಅವಳು ನಟ್ ಬಿಗಿದಳು.

ಅವನು ಏಣಿ ಹತ್ತಿ ಕೀ ತಿರುಗಿಸಿದ. ಇಂಜಿನ್ ಒಮ್ಮೆ ಕೆಮ್ಮಿತು. ಎರಡನೇ ಸಲ ನರಳಿತು. ಮೂರನೇ ಸಲ ಕರೀ ಹೊಗೆಯ ದೊಡ್ಡ ಉಂಡೆಯೊಂದನ್ನು ಉಗುಳಿ ಗುಡುಗತೊಡಗಿತು. ಕೋಳಿಗಳು ಹಿತ್ತಿಲಿಗೆ ಹಾರಿದವು. ತೊಂಡೆ ಬಳ್ಳಿ ಗಡಗಡ ನಡುಗಿತು. ಗುರುಮಲ್ಲಮ್ಮ ಹೊರಗೆ ಓಡಿ ಬಂದು, ಯಜಮಾನರು ಮಲಗುತ್ತಿದ್ದ ಕಿಟಕಿಯ ಕಡೆ ತಿರುಗಿ ಕೈ ಮುಗಿದರು.

ಶಶಿರೇಖಾ ಏನೋ ಹೇಳಿದಳು. ಅವಳ ತುಟಿ ಆಡಿದ್ದಷ್ಟೇ ಅವನಿಗೆ ಕಂಡಿತು.

“ಏನಂದೆ?” ಮೇಲಿನಿಂದ ಅವನು ಕಿರುಚಿದ.

“ಕೇಳಿದ್ ಹಂಗೇ ರಾಶಿ ಪಕ್ಕದಲ್ಲಿ ಹೇಳ್ತೀನಿ ಅಂದೆ! ಭಾನುವಾರ! ಗದ್ದೇಲಿ!”

ಶನಿವಾರ ಅವನು ಗುಂಡ್ಲುಪೇಟೆಯಿಂದ ಬೇರೆ ರೇಡಿಯೇಟರ್ ತಂದು ಕೂರಿಸಿದ. ಹಳೆಯದು ನೀರು ಸೋರುತ್ತಿತ್ತು, ಬಿಚ್ಚಿ ಜಗಲಿಗೆ ಒರಗಿಸಿಟ್ಟ. ಅವತ್ತು ಇಬ್ಬರೂ ಕೆಲಸದ ಮಾತು ಬಿಟ್ಟು ಬೇರೇನೂ ಆಡಲಿಲ್ಲ. ಆದರೆ ‘ಆ ಬೋಲ್ಟ್ ಕೊಡು’ ಅನ್ನುವುದಕ್ಕೂ ಅವನ ಕಿವಿ ಕೆಂಪಾಗುತ್ತಿತ್ತು.

ಭಾನುವಾರ ಬೆಳಗ್ಗೆ ಚೇಟ ತನ್ನ ಡ್ರೈವರ್ ಜೊತೆ ಜೀಪಿನಲ್ಲಿ ಬಂದ. ಪರೀಕ್ಷೆಗೆ ಕಾಲುವೆ ಪಕ್ಕದ ಶಾಂತಮಲ್ಲಪ್ಪನವರ ಗದ್ದೆ ಗೊತ್ತಾಗಿತ್ತು. ಅವರು ಮರಿಮಲ್ಲಪ್ಪನವರ ಓರಗೆಯವರು. “ಮರಿಮಲ್ಲನ್ ಮೆಷಿನ್ನು. ಕೊನೇ ಸಲ ನಮ್ ಬತ್ತ ಕುಯ್ಲಿ” ಎಂದಿದ್ದರು.

ಚಕ್ರಕ್ಕೆ ನಿಂಬೆಹಣ್ಣಿಟ್ಟು ದೊರೆಸ್ವಾಮಿ ಮೆಷಿನ್ ಇಳಿಸಿದ. ಮೊದಲ ಸುತ್ತಿನಲ್ಲಿ ಶಶಿರೇಖಾ ಉಸಿರು ಬಿಗಿ ಹಿಡಿದಿದ್ದಳು. ಎಲ್ಲಾದರೂ ನಿಂತರೆ ಬೆಳಗಾದರೆ ಗ್ಯಾಸ್ ಕಟ್ಟರ್. ನಿಲ್ಲಲಿಲ್ಲ. ಹೊಂಬಣ್ಣದ ಪೈರು ಮುಂದೆ ಬಾಗಿ ಮೆಷಿನ್ನಿನ ಬಾಯಿಗೆ ಬೀಳುತ್ತಿತ್ತು, ಹಿಂದೆ ಹುಲ್ಲು ಸಾಲು ಬೀಳುತ್ತಿತ್ತು. ತೊಟ್ಟಿ ತುಂಬಿ ಟಾರ್ಪಾಲಿನ ಮೇಲೆ ಭತ್ತ ಸುರಿದಾಗ ಚೇಟ ಒಂದು ಹಿಡಿ ಎತ್ತಿ, ಊದಿ, ಅಂಗೈಯಲ್ಲಿ ಹರಡಿ ನೋಡಿದ. ಒಂದು ಕಾಳೂ ಒಡೆದಿರಲಿಲ್ಲ.

“ಕೊಳ್ಳಾಂ! ಚೆನ್ನಾಗಿದೆ!” ಎಂದು ಮೀಸೆಯಲ್ಲೇ ನಕ್ಕ. ವ್ಯಾಪಾರ ಮುಗಿಯಿತು. ಶಶಿರೇಖಾಳ ಎದೆಯಿಂದ ನಾಲ್ಕು ವರ್ಷದ ಭಾರ ಇಳಿದುಹೋಯಿತು. ಅವಳು ಬದುವಿನ ಮೇಲೆ ಕೂತುಬಿಟ್ಟಳು.

ಅಷ್ಟರಲ್ಲಿ ಶಾಂತಮಲ್ಲಪ್ಪ ಚಪ್ಪಲಿ ಬಿಟ್ಟು ರಾಶಿಗೆ ನಮಸ್ಕಾರ ಮಾಡಿ ಕೊಳಗ ಎತ್ತಿಕೊಂಡರು. ದೊರೆಸ್ವಾಮಿ ಇಂಜಿನ್ ಆರಿಸಿದ. ಗದ್ದೆ ಗಪ್ಪನೆ ಸುಮ್ಮನಾಯಿತು. ಶಶಿರೇಖಾ ಎದ್ದು ಹೋಗಿ ದಬ್ಬಣ ಹಿಡಿದು ಚೀಲದ ಹತ್ತಿರ ಕೂತಳು.

“ಲಾಭ” ಎಂದರು ಶಾಂತಮಲ್ಲಪ್ಪ, ಮೊದಲ ಕೊಳಗ ಸುರಿಯುತ್ತಾ. ಒಂದು ಎನ್ನುವ ಬದಲು ಹಾಗೆ ಹೇಳುವುದೇ ರೂಢಿ. “ಎರಡು.”

ದೊರೆಸ್ವಾಮಿ ಬಂದು ಅವಳ ಪಕ್ಕ ನಿಂತ. ಈ ಸಲ ಅವನಿಗೆ ಗೊತ್ತಿತ್ತು. ಬಾಯಿಯನ್ನು ಎಷ್ಟು ಬಿಗಿಯಾಗಿ ಮುಚ್ಚಿದ್ದನೆಂದರೆ ಕೆನ್ನೆಯ ನರ ಎದ್ದಿತ್ತು.

ಅವಳು ತಲೆ ಎತ್ತಿ ಅವನನ್ನೇ ನೋಡಿದಳು. ಬೇಕೆಂದೇ ನೋಡಿದಳು. ಹುಬ್ಬು ಹಾರಿಸಿ, ‘ಈಗ ಕೇಳು ನೋಡಾನ’ ಎನ್ನುವ ಹಾಗೆ. ಅವನು ಆಕಾಶ ನೋಡಿದ, ಕಾಲುವೆ ನೋಡಿದ, ತನ್ನ ಕಾಲಿನ ಹೆಬ್ಬೆರಳು ನೋಡಿದ. ಸುತ್ತಿ ಬಂದು ಕಣ್ಣು ಮತ್ತೆ ಅವಳಲ್ಲೇ ನಿಂತಿತು. ಅವಳು ಒಂದೊಂದು ಹೊಲಿಗೆಯನ್ನೂ ನಿಧಾನವಾಗಿ, ಜಡೆ ಹೆಣೆದಂತೆ ಹಾಕಿದಳು. ಚೇಟನ ಫೋನು ಹೊಡೆದುಕೊಂಡಿತು. ಶಾಂತಮಲ್ಲಪ್ಪ ಕಣ್ಣು ಬಿಟ್ಟ ರಭಸಕ್ಕೆ ಅವನು ಫೋನನ್ನು ಮುಂಡು ಪಂಚೆಯಲ್ಲಿ ಮುಚ್ಚಿಕೊಂಡು ಬದುವಿನ ಕಡೆ ಓಡಿದ. ಇಬ್ಬರಿಗೂ ನಗು ಉಕ್ಕಿತು. ಇಬ್ಬರೂ ನುಂಗಿಕೊಂಡರು. ಆ ನಗುವನ್ನು ಒಟ್ಟಿಗೆ ನುಂಗಿದ್ದೇ ಅರ್ಧ ಮದುವೆಯಾದಂತಿತ್ತು.

ಕೊನೆಯ ಕೊಳಗ ಸುರಿದು ಶಾಂತಮಲ್ಲಪ್ಪ ಬೆನ್ನು ನೆಟ್ಟಗೆ ಮಾಡಿದರು. “ಆಯ್ತು ಕಣ್ರಪ್ಪ.”

ಶಶಿರೇಖಾ ಹುರಿಯನ್ನು ಹಲ್ಲಿನಿಂದ ಕಡಿದಳು.

“ಊಂ” ಎಂದಳು.

“ಏನು?”

“ಅವತ್ತೇನೋ ಕೇಳಿದ್ದಲ್ಲ. ಅದ್ಕೆ ಊಂ ಅಂತಾ ಇವ್ನಿ.”

ದೊರೆಸ್ವಾಮಿ ಅಲ್ಲೇ ಭತ್ತದ ಚೀಲದ ಮೇಲೆ ಕೂತ. ಮೊದಲು ಬಾಯಿಗೆ ಬಂದದ್ದು ಇದು: “ಇಂಜಿನ್ ಗುರುವಾರವೇ ಹತ್ತಿಸ್ಬೋದಿತ್ತು ಕಣ. ಸುಮ್ನೆ ಬೆಲ್ಟ್ ಒರೆಸ್ತಾ ಕೂತಿದ್ದೆ.”

“ಗೊತ್ತು. ನಿನ್ ಹದಿನೇಳರ ಸ್ಪಾನರ್ ಅಕ್ಕಿ ಡಬ್ಬೀಲದೆ.”

“ಅದೂ ಗೊತ್ತಿತ್ತು. ನೀನು ಎತ್ಕಂಡೋದ್ನ ನಾನೇ ನೋಡ್ದೆ.”

ಕಾಡಿನ ಗೇಟು ಹಾಕುವ ಮೊದಲೇ ಬಂಡೀಪುರ ದಾಟಬೇಕೆಂದು ಮಧ್ಯಾಹ್ನವೇ ಚೇಟ ಹೊರಟ. ಮೆಷಿನ್ ಅಂಗಳದ ಮುಂದೆ ಬಂದು ನಿಂತಿತು. ಗುರುಮಲ್ಲಮ್ಮ ಅರಿಶಿನ ಕುಂಕುಮ ಹಚ್ಚಿದರು. ಶಶಿರೇಖಾ ಆ ಬೆಂಡಾದ ಮೆಟ್ಟಿಲನ್ನು ಒಮ್ಮೆ ಮುಟ್ಟಿದಳು.

“ಈಗಾದ್ರೂ ಒಳೀಕೆ ಬಾ ಮಗ” ಎಂದರು ಗುರುಮಲ್ಲಮ್ಮ. ಮಗಳ ಮುಖ ನೋಡಿಯೇ ಅವರಿಗೆ ಎಲ್ಲ ತಿಳಿದಿತ್ತು.

ದೊರೆಸ್ವಾಮಿ ಜಗಲಿಗೆ ಒರಗಿದ್ದ ಹಳೇ ರೇಡಿಯೇಟರ್ ತೋರಿಸಿದ. “ಆಣೆ ಇನ್ನೂ ಇಲ್ಲೇ ಕೂತದಲ್ಲವ್ವ.”

ಗುರುಮಲ್ಲಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದರು. “ಏ ಚೇಟಾ, ಇದ್ನೂ ಹಾಕ್ಕಂಡೋಗಪ್ಪ. ಪುಕ್ಕಟೆ.”

ಚೇಟ ಬಂದು ಬಗ್ಗಿ ನೋಡಿದ. “ಇದು ತೂತು ಅಲ್ಲವಾ ಅಮ್ಮಾ?”

“ತೂತೇ ಕಣಪ್ಪ. ಅವತ್ತಿಂದ್ಲೂ ತೂತೇ. ತಕಂಡೋಗು.”

ರೇಡಿಯೇಟರ್ ಜೀಪಿನ ಹಿಂದೆ ಏರಿತು. ಮೆಷಿನ್ ತನ್ನ ಕಾಲ ಮೇಲೆ, ಗುಡುಗುತ್ತಾ, ಹರವೆ ದಾರಿ ಹಿಡಿಯಿತು. ತಿರುವಿನಲ್ಲಿ ಮರೆಯಾದ ಮೇಲೂ ಎಷ್ಟೋ ಹೊತ್ತು ಸದ್ದು ಕೇಳುತ್ತಿತ್ತು. ಅಂಗಳ ಒಮ್ಮೆಗೇ ಅಗಲವಾಗಿತ್ತು. ನಾಲ್ಕು ಹಸು ಕಟ್ಟಿ, ಒಂದು ಬೈಕು ನಿಲ್ಲಿಸುವಷ್ಟು.

ಗುರುಮಲ್ಲಮ್ಮ ನಡುಮನೆಯಲ್ಲಿ ಎರಡು ತಟ್ಟೆ ಇಟ್ಟರು, ಅಕ್ಕಪಕ್ಕ. ಶಶಿರೇಖಾ ಒಳಗೆ ಹೋಗಿ, ತಿರುಗಿ, ಬಾಗಿಲಲ್ಲಿ ನಿಂತಳು.

“ಬಾ” ಎಂದಳು.

ದೊರೆಸ್ವಾಮಿ ಚಪ್ಪಲಿ ಬಿಟ್ಟು, ಕಾಲು ತೊಳೆದು, ಹೊಸಿಲು ದಾಟಿ ಒಳಗೆ ಬಂದ. ಹನ್ನೊಂದು ವರ್ಷದ ಹಿಂದೆ ಕೊಟ್ಟ ಮಾತನ್ನು ಅವನು ಮುರಿದ.